ಉಳಿತಾಯದ ದುಡ್ಡಿಗೆ ಜಾಸ್ತಿ ಬಡ್ಡಿ: ನಾಲ್ಕು ಬ್ಯಾಂಕಲ್ಲಿ ಖಾತೆ ತೆರೆಯಬೇಕಾ?

2025ರ ದೀಪಾವಳಿಗೆ ಶಿವಮೊಗ್ಗಕ್ಕೆ ಹೋಗಿದ್ದಾಗ ಚಿಕ್ಕಮ್ಮ ಪಾಸ್‌ಬುಕ್ ತಂದು ನನ್ನ ಮುಂದಿಟ್ಟರು. ಹೈಸ್ಕೂಲ್ ಟೀಚರ್ ಆಗಿದ್ದು ನಿವೃತ್ತರಾದವರು. ಮನೆ ರಿಪೇರಿಯೆಲ್ಲ ಮುಗಿದ ಮೇಲೆ ಉಳಿದ 8 ಲಕ್ಷ ರೂಪಾಯಿ ಒಂದೇ ಎಸ್‌ಬಿ (ಉಳಿತಾಯ) ಖಾತೆಯಲ್ಲಿತ್ತು. ಬಡ್ಡಿ ಜಮಾ ಆದ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದರು. ಮೂರು ತಿಂಗಳಿಗೆ ಹತ್ತಿರ ಹತ್ತಿರ 5,000 ರೂಪಾಯಿ.

"ಎಂಟು ಲಕ್ಷಕ್ಕೆ ಇಷ್ಟೇನೋ ಬರೋದು? ನಾಲ್ಕೈದು ಬ್ಯಾಂಕಲ್ಲಿ ಖಾತೆ ತೆಗೆದು ಹಂಚಿಟ್ರೆ ಬಡ್ಡಿ ಜಾಸ್ತಿ ಬರುತ್ತಂತೆ. ಪಕ್ಕದ್ಮನೆಯವರು ಹಾಗೇ ಮಾಡಿದಾರಂತೆ" ಅಂದರು.

ಅವತ್ತು ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಪಕ್ಕದ ಮನೆಯವರ ಮಾತಲ್ಲಿ ಅರ್ಧ ನಿಜ ಇತ್ತು. ಹಲವು ಬ್ಯಾಂಕುಗಳಲ್ಲಿ ದುಡ್ಡಿಡುವುದಕ್ಕೆ ಒಳ್ಳೆಯ ಕಾರಣ ಇದೆ, ಆದರೆ ಆ ಕಾರಣ ಬಡ್ಡಿಯಲ್ಲ. ಬಡ್ಡಿ ಹೆಚ್ಚಬೇಕಾದರೆ ಬೇರೆಯದೇ ದಾರಿ ಹಿಡಿಯಬೇಕು. ನಾವು ಹಾಕಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮಾಮೂಲಿ ಎಸ್‌ಬಿ ಖಾತೆ

2011ರ ಅಕ್ಟೋಬರ್ 25ರವರೆಗೆ ದೇಶದ ಎಲ್ಲ ಬ್ಯಾಂಕುಗಳಲ್ಲೂ ಉಳಿತಾಯ ಖಾತೆಗೆ ಒಂದೇ ಬಡ್ಡಿ ದರ. ಅದನ್ನು ರಿಸರ್ವ್ ಬ್ಯಾಂಕೇ ಹೇಳುತ್ತಿತ್ತು. ಆ ದಿನದಿಂದ ದರ ನಿಗದಿ ಮಾಡುವುದನ್ನು ಬ್ಯಾಂಕುಗಳಿಗೇ ಬಿಟ್ಟರು. ಷರತ್ತು ಇಷ್ಟೇ: 1 ಲಕ್ಷದವರೆಗಿನ ದುಡ್ಡಿಗೆ ಒಂದು ಬ್ಯಾಂಕು ಎಲ್ಲ ಗ್ರಾಹಕರಿಗೂ ಒಂದೇ ದರ ಕೊಡಬೇಕು. ಅದಕ್ಕೂ ಮೇಲಿನ ಮೊತ್ತಕ್ಕೆ ಬೇರೆ ದರ ಇಡಬಹುದು. ಒಂದು ಬ್ಯಾಂಕಿಗೂ ಇನ್ನೊಂದಕ್ಕೂ ದರದಲ್ಲಿ ವ್ಯತ್ಯಾಸ ಶುರುವಾಗಿದ್ದೇ ಅಲ್ಲಿಂದ.

2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ದರವನ್ನು, ಶೇ. 6.5ರಿಂದ ಹಂತ ಹಂತವಾಗಿ ಇಳಿಸುತ್ತಾ ಬಂತು. ಡಿಸೆಂಬರ್ ಹೊತ್ತಿಗೆ ಅದು ಶೇ. 5.25ಕ್ಕೆ ಬಂದಿತ್ತು. ಜೂನ್‌ನಲ್ಲೇ ಸ್ಟೇಟ್ ಬ್ಯಾಂಕ್, ಎಚ್‌ಡಿಎಫ್‌ಸಿ, ಐಸಿಐಸಿಐ ಮೂರೂ ಉಳಿತಾಯ ಖಾತೆಯ ದರವನ್ನು ಶೇ. 2.5ಕ್ಕೆ ತಂದವು. 8 ಲಕ್ಷಕ್ಕೆ ವರ್ಷಕ್ಕೆ 20,000. ಚಿಕ್ಕಮ್ಮನ ಪಾಸ್‌ಬುಕ್ಕಿನ ಲೆಕ್ಕ ಇದೇ.

ಹಾಗಂತ ಈ ಖಾತೆ ಬೇಡ ಅನ್ನುವಂತಿಲ್ಲ. ಪಿಂಚಣಿ ಬರುವುದು, ಕರೆಂಟ್ ಬಿಲ್ ಹೋಗುವುದು, ಗ್ಯಾಸ್ ಸಬ್ಸಿಡಿ ಬೀಳುವುದು ಎಲ್ಲ ಇಲ್ಲೇ. 2010ರ ಏಪ್ರಿಲ್‌ನಿಂದ ಎಸ್‌ಬಿ ಬಡ್ಡಿಯನ್ನು ದಿನದ ಬಾಕಿ ನೋಡಿ ಲೆಕ್ಕ ಹಾಕುತ್ತಾರೆ. ಅಂದರೆ ಹತ್ತು ದಿನ ಇದ್ದ ದುಡ್ಡಿಗೆ ಹತ್ತು ದಿನದ ಬಡ್ಡಿ ಸಿಕ್ಕೇ ಸಿಗುತ್ತದೆ. ಆದರೆ ಇಂಥ ದರದ ಎರಡು ಮೂರು ಖಾತೆ ಮಾಡಿ ಹಂಚಿಟ್ಟರೆ ಒಂದು ರೂಪಾಯಿಯೂ ಜಾಸ್ತಿ ಬರುವುದಿಲ್ಲ. ಎರಡೂವರೆ ಎಲ್ಲಿಟ್ಟರೂ ಎರಡೂವರೆಯೇ.

"ಶೇ. 7ರವರೆಗೆ" ಅನ್ನುವ ಬ್ಯಾಂಕುಗಳು

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ.

ಸ್ಮಾಲ್ ಫೈನಾನ್ಸ್ ಬ್ಯಾಂಕುಗಳು, ಕೆಲವು ಹೊಸ ಖಾಸಗಿ ಬ್ಯಾಂಕುಗಳು ಎಸ್‌ಬಿ ಖಾತೆಗೇ ಹೆಚ್ಚು ಬಡ್ಡಿ ಕೊಡುತ್ತವೆ. "ಉಜ್ಜೀವನ್" ಮತ್ತು "ಜನ" ಅನ್ನುವ ಎರಡು ಸ್ಮಾಲ್ ಫೈನಾನ್ಸ್ ಬ್ಯಾಂಕುಗಳ ಮುಖ್ಯ ಕಚೇರಿ ನಮ್ಮ ಬೆಂಗಳೂರಲ್ಲೇ ಇದೆ. ಇವಕ್ಕೂ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದೆ, ಠೇವಣಿ ವಿಮೆಯೂ (ಬ್ಯಾಂಕು ಮುಳುಗಿದರೆ ಒಂದು ಮಿತಿಯವರೆಗೆ ದುಡ್ಡು ವಾಪಸ್ ಸಿಗುವ ವ್ಯವಸ್ಥೆ) ಇದೆ. ಹೆದರಿ ದೂರ ಇಡಬೇಕಾದವೇನಲ್ಲ.

ಆದರೆ ಜಾಹೀರಾತಿನಲ್ಲಿ "ವರೆಗೆ" ಅನ್ನುವ ಪದ ಇರುತ್ತದೆ ನೋಡಿ, ಎಲ್ಲ ಲೆಕ್ಕ ಅದರಲ್ಲೇ ಅಡಗಿದೆ. ಬಡ್ಡಿ ಸ್ಲ್ಯಾಬ್ ಪ್ರಕಾರ ಇರುತ್ತದೆ, ಅಂದರೆ ಮೊತ್ತದ ಒಂದೊಂದು ಹಂತಕ್ಕೆ ಒಂದೊಂದು ದರ. ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. 1 ಲಕ್ಷದವರೆಗೆ ಶೇ. 3, 1ರಿಂದ 5 ಲಕ್ಷದವರೆಗೆ ಶೇ. 5, 5 ಲಕ್ಷ ದಾಟಿದ ಮೇಲೆ ಶೇ. 7. ನೀವು 3 ಲಕ್ಷ ಇಟ್ಟಿದ್ದೀರಿ. ಮೊದಲ ಲಕ್ಷಕ್ಕೆ 3,000, ಮಿಕ್ಕ ಎರಡು ಲಕ್ಷಕ್ಕೆ 10,000. ಒಟ್ಟು 13,000. ಅಂದರೆ ನಿಮಗೆ ನಿಜವಾಗಿ ಸಿಕ್ಕಿದ್ದು ಶೇ. 4.33. ಏಳು ನಿಮ್ಮ ಹತ್ತಿರವೂ ಸುಳಿಯಲಿಲ್ಲ.

ಈಗ ಚಿಕ್ಕಮ್ಮನ 8 ಲಕ್ಷ ನೋಡಿ. ಇಂಥ ಒಂದೇ ಬ್ಯಾಂಕಲ್ಲಿ ಪೂರ್ತಿ ಇಟ್ಟರೆ 3,000, 20,000, 21,000 ಸೇರಿ 44,000. ಅದೇ ದುಡ್ಡನ್ನು ಇಂಥ ಎರಡು ಬ್ಯಾಂಕಿಗೆ ನಾಲ್ಕು ನಾಲ್ಕು ಲಕ್ಷ ಹಂಚಿದರೆ? ಒಂದೊಂದರಲ್ಲಿ 18,000, ಒಟ್ಟು 36,000. ಎಂಟು ಸಾವಿರ ಕಮ್ಮಿ! ಹಂಚಿದಾಗ ಎರಡೂ ಕಡೆ ದುಡ್ಡು ಕೆಳಗಿನ ಸ್ಲ್ಯಾಬಲ್ಲೇ ಉಳಿಯುತ್ತದೆ, ಮೇಲಿನ ದರ ಮುಟ್ಟುವುದೇ ಇಲ್ಲ. ಜಾಸ್ತಿ ಖಾತೆ, ಜಾಸ್ತಿ ಬಡ್ಡಿ ಅನ್ನುವ ಮಾತು ಇಲ್ಲಿ ಪೂರ್ತಿ ತಲೆಕೆಳಗಾಗುತ್ತದೆ. ಈ ಲೆಕ್ಕ ಬರೆದು ತೋರಿಸಿದಾಗ ಚಿಕ್ಕಮ್ಮ ಪೆನ್ಸಿಲ್ ತಗೊಂಡು ತಾವೇ ಇನ್ನೊಂದು ಸಲ ಕೂಡಿದರು. ಗಣಿತದ ಟೀಚರ್ ಅಲ್ವಾ!

ಹಾಗಾದರೆ ಎಂಟೂ ಲಕ್ಷ ಒಂದೇ ಬ್ಯಾಂಕಲ್ಲಿ ಇಟ್ಟುಬಿಡೋಣ ಅಂದರೆ ವಿಮೆ 5 ಲಕ್ಷಕ್ಕೇ ನಿಲ್ಲುತ್ತದೆ. ಆ ವಿಷಯ ಮುಂದೆ ಬರುತ್ತದೆ.

ಇಂಥ ಖಾತೆ ನಿಜಕ್ಕೂ ಉಪಯೋಗಕ್ಕೆ ಬರುವುದು ಯಾರಿಗೆ? ದೊಡ್ಡ ಮೊತ್ತ ಬಂದಿದೆ, ಎರಡು ಮೂರು ತಿಂಗಳಲ್ಲಿ ಹೋಗುವುದೂ ಇದೆ ಅನ್ನುವವರಿಗೆ. ಊರಲ್ಲಿ ತೋಟ ಮಾರಿ ಸೈಟ್ ರಿಜಿಸ್ಟ್ರೇಷನ್‌ಗೆ ಕಾಯುತ್ತಿರುವವರು, ಮಗಳ ಮದುವೆಗೆ ದುಡ್ಡು ಒಟ್ಟು ಮಾಡಿಟ್ಟವರು. ಅಷ್ಟು ಕಮ್ಮಿ ಅವಧಿಗೆ ಎಫ್‌ಡಿ ದರವೂ ಕಮ್ಮಿ ಇರುತ್ತದೆ, ದಿನಾಂಕವೂ ಖಚಿತ ಇರುವುದಿಲ್ಲ. ಅಲ್ಲಿ ಇದು ಸರಿಯಾದ ಜಾಗ.

ಪೋಸ್ಟ್ ಆಫೀಸ್ ಉಳಿತಾಯ ಖಾತೆ

ಶೇ. 4 ಬಡ್ಡಿ. ಬಹಳ ವರ್ಷದಿಂದ ಅಷ್ಟೇ ಇದೆ. ಬ್ಯಾಂಕಿನ ಎರಡೂವರೆ ಮುಂದೆ ಇದು ಚೆನ್ನಾಗಿಯೇ ಕಾಣುತ್ತದೆ. 2 ಲಕ್ಷಕ್ಕೆ ವರ್ಷಕ್ಕೆ 8,000, ಬ್ಯಾಂಕಲ್ಲಾದರೆ 5,000. ಹಿಂದೆ ಸರ್ಕಾರವೇ ನಿಂತಿದೆ, ಹಾಗಾಗಿ 5 ಲಕ್ಷದ ವಿಮೆಯ ಲೆಕ್ಕ ಇಲ್ಲಿ ಬೇಕಿಲ್ಲ. ಕನಿಷ್ಠ 500 ಇದ್ದರೆ ಸಾಕು.

ಒಂದು ಹಳೆಯ ನಿಯಮ ಮಾತ್ರ ಇಲ್ಲಿ ಇನ್ನೂ ಉಳಿದಿದೆ. ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಎಷ್ಟು ಕಮ್ಮಿ ದುಡ್ಡು ಇತ್ತೋ ಅಷ್ಟಕ್ಕೇ ಆ ತಿಂಗಳ ಬಡ್ಡಿ. 12ಕ್ಕೆ ಒಂದು ಲಕ್ಷ ಹಾಕಿದರೆ ಅದಕ್ಕೆ ಆ ತಿಂಗಳು ಏನೂ ಇಲ್ಲ. 28ಕ್ಕೆ ತೆಗೆದರೂ ಅಷ್ಟೇ, ಆ ತಿಂಗಳ ಬಡ್ಡಿ ಹೋಯಿತು. ಹಾಗಾಗಿ ದಿನಾ ಓಡಾಡುವ ದುಡ್ಡಿಗೆ ಇದು ಬೇಡ. ಸುಮ್ನೆ ಇರುವ ದುಡ್ಡನ್ನು 10ರ ಒಳಗೆ ಹಾಕಿ, ತೆಗೆಯುವುದಿದ್ದರೆ ಮುಂದಿನ ತಿಂಗಳ ಮೊದಲ ವಾರದಲ್ಲಿ ತೆಗೆಯಿರಿ.

ಅದೇ ಬ್ಯಾಂಕಲ್ಲಿ ಎಫ್‌ಡಿ

ಚಿಕ್ಕಮ್ಮನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ, ಹೆದರಿಕೆ ಇತ್ತು. "ಎಫ್‌ಡಿ ಮಾಡಿದ್ರೆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತೆ, ನಾಳೆ ಆಸ್ಪತ್ರೆಗೆ ಬೇಕಾದ್ರೆ?" ಬಹಳಷ್ಟು ಜನ ಎಸ್‌ಬಿಯಲ್ಲಿ ಲಕ್ಷಗಟ್ಟಲೆ ಬಿಡುವುದು ಇದೇ ಭಯಕ್ಕೆ.

ಲೆಕ್ಕ ಮಾಡಿ ನೋಡಿ. ಒಂದು ವರ್ಷದ ಎಫ್‌ಡಿಗೆ ಶೇ. 6.25 ಅಂತಿಟ್ಟುಕೊಳ್ಳಿ. 50,000 ಇಟ್ಟಿರಿ, ಆರನೇ ತಿಂಗಳಿಗೆ ಮುರಿಯಬೇಕಾಯಿತು. ಆಗ ಬ್ಯಾಂಕು ಆರು ತಿಂಗಳಿಗೆ ಅನ್ವಯವಾಗುವ ದರ ಹಿಡಿದು, ಅದರಲ್ಲಿ ದಂಡ ಕಳೆಯುತ್ತದೆ. ಆರು ತಿಂಗಳ ದರ ಶೇ. 5.5, ದಂಡ ಶೇ. 1 ಅಂದುಕೊಂಡರೆ ನಿಮಗೆ ಶೇ. 4.5ರಂತೆ 1,125 ರೂಪಾಯಿ ಬರುತ್ತದೆ. ಅದೇ ದುಡ್ಡು ಎಸ್‌ಬಿಯಲ್ಲಿದ್ದಿದ್ದರೆ 625. ಮುರಿದರೂ ಲಾಭವೇ! ಬಡ್ಡಿ ಇಲ್ಲದೆ ಹೋಗುವುದು ಏಳು ದಿನಕ್ಕೂ ಮೊದಲೇ ತೆಗೆದರೆ ಮಾತ್ರ.

ಮುಖ್ಯವಾದ ಕೆಲಸ ಒಂದಿದೆ. 3 ಲಕ್ಷಕ್ಕೆ ಒಂದೇ ಎಫ್‌ಡಿ ಮಾಡಬೇಡಿ. 50 ಸಾವಿರದ ಆರು ತುಂಡು ಮಾಡಿ. 40,000 ಬೇಕಾದಾಗ ಒಂದು ತುಂಡು ಮುರಿದರೆ ಸಾಕು, ಮಿಕ್ಕ ಐದು ಅಲ್ಲಾಡದೆ ಬಡ್ಡಿ ತರುತ್ತಿರುತ್ತವೆ. ಇದಕ್ಕೆ ಹೊಸ ಖಾತೆಯೂ ಬೇಡ, ಕೆವೈಸಿಯೂ ಬೇಡ. ಇರುವ ಬ್ಯಾಂಕಿನ ಆ್ಯಪ್‌ನಲ್ಲೇ ಆಗುತ್ತದೆ, ಇಲ್ಲವೇ ಕೌಂಟರ್‌ನಲ್ಲಿ ಕೇಳಿದರೆ ಮಾಡಿಕೊಡುತ್ತಾರೆ. 60 ದಾಟಿದವರಿಗೆ ಎಫ್‌ಡಿಯಲ್ಲಿ ಸಾಮಾನ್ಯವಾಗಿ ಅರ್ಧ ಪರ್ಸೆಂಟ್ ಜಾಸ್ತಿ. ಎಸ್‌ಬಿಯಲ್ಲಿ ಸಾಮಾನ್ಯವಾಗಿ ಆ ಅನುಕೂಲ ಇರುವುದಿಲ್ಲ.

ಈ ತುಂಡು ಮಾಡುವ ಕೆಲಸವನ್ನು ಬ್ಯಾಂಕೇ ತಾನಾಗಿ ಮಾಡುವುದಕ್ಕೆ ಆಟೊ ಸ್ವೀಪ್ ಅನ್ನುತ್ತಾರೆ. ಎಸ್‌ಬಿ ಖಾತೆಯಲ್ಲಿ ಒಂದು ಮಿತಿ ದಾಟಿದ ದುಡ್ಡು ತಾನೇ ಎಫ್‌ಡಿ ಆಗುತ್ತದೆ, ಚೆಕ್ ಬಂದರೆ ತಾನೇ ಮುರಿಯುತ್ತದೆ. ಸಂಬಳದವರಿಗೆ, ಅಂಗಡಿ ಇಟ್ಟುಕೊಂಡವರಿಗೆ ಒಳ್ಳೆಯದು. ಸ್ವೀಪ್ ಆದ ದುಡ್ಡನ್ನು ಎಷ್ಟು ದಿನದ ಎಫ್‌ಡಿಗೆ ಹಾಕುತ್ತಾರೆ ಅನ್ನುವುದನ್ನು ಮೊದಲೇ ಕೇಳಿಕೊಳ್ಳಿ. ಅವಧಿ ಕಮ್ಮಿ ಇದ್ದರೆ ದರವೂ ಕಮ್ಮಿ.

ಈಗ 8 ಲಕ್ಷಕ್ಕೆ ವಾಪಸ್ ಬನ್ನಿ. 1 ಲಕ್ಷ ಎಸ್‌ಬಿಯಲ್ಲಿ ಬಿಟ್ಟು 7 ಲಕ್ಷ ಶೇ. 6.25ರ ಎಫ್‌ಡಿ ಮಾಡಿದರೆ 2,500 ಮತ್ತು 43,750, ಒಟ್ಟು 46,250. ಸ್ಲ್ಯಾಬ್ ಬ್ಯಾಂಕಲ್ಲಿ ಎಂಟೂ ಲಕ್ಷ ಸುರಿದಾಗ ಬಂದ 44,000ಕ್ಕಿಂತ ಜಾಸ್ತಿ. ಹೊಸ ಖಾತೆ ಒಂದೂ ತೆರೆಯದೆ.

ಹಾಗಾದರೆ ಎರಡನೇ ಬ್ಯಾಂಕ್ ಯಾಕೆ ಬೇಕು?

ದುಡ್ಡು ಉಳಿಯಲಿ ಅಂತ.

2020ರ ಜನವರಿಯಲ್ಲಿ ಬೆಂಗಳೂರು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಖಾತೆಯಲ್ಲಿ ಎಷ್ಟೇ ಇರಲಿ, ತೆಗೆಯಲು ಬಿಟ್ಟದ್ದು 35,000 ಮಾತ್ರ. ಠೇವಣಿ ಇಟ್ಟವರಲ್ಲಿ ಬಹಳಷ್ಟು ಜನ ನಿವೃತ್ತರು, ಜೀವಮಾನದ ಗಳಿಕೆ ತಂದಿಟ್ಟವರು. ಆಗ ಠೇವಣಿ ವಿಮೆ 1 ಲಕ್ಷಕ್ಕೆ ಮಾತ್ರ ಇತ್ತು. ಫೆಬ್ರುವರಿ 4ರಿಂದ ಅದು 5 ಲಕ್ಷ ಆಯಿತು. 2021ರಲ್ಲಿ ಕಾನೂನು ತಿದ್ದಿದ ಮೇಲೆ, ಬ್ಯಾಂಕಿನ ಮೇಲೆ ಇಂಥ ನಿರ್ಬಂಧ ಬಿದ್ದರೆ 90 ದಿನದೊಳಗೆ ವಿಮೆಯ ಹಣ ಕೊಡಬೇಕು ಅಂತಾಯಿತು.

ಈ 5 ಲಕ್ಷ ಒಬ್ಬ ಠೇವಣಿದಾರರಿಗೆ, ಒಂದು ಬ್ಯಾಂಕಿಗೆ. ಒಂದೇ ಬ್ಯಾಂಕಿನ ಶಿವಮೊಗ್ಗ ಶಾಖೆಯಲ್ಲಿ 4, ಭದ್ರಾವತಿ ಶಾಖೆಯಲ್ಲಿ 4 ಇಟ್ಟರೆ ಅದು ಎರಡು ಬ್ಯಾಂಕ್ ಆಗುವುದಿಲ್ಲ. ಎಸ್‌ಬಿ, ಎಫ್‌ಡಿ, ಆರ್‌ಡಿ ಎಲ್ಲ ಕೂಡಿಯೇ ಲೆಕ್ಕ. ಬಡ್ಡಿಯೂ ಅದರೊಳಗೇ. ಹಾಗಾಗಿ ಒಂದು ಬ್ಯಾಂಕಲ್ಲಿ ನಾಲ್ಕೂವರೆ ಲಕ್ಷಕ್ಕೆ ನಿಲ್ಲಿಸುವುದು ಒಳ್ಳೆಯದು.

ಗಂಡ ಹೆಂಡತಿ ಇರುವ ಮನೆಗೆ ಇನ್ನೊಂದು ದಾರಿ ಇದೆ. ಚಿಕ್ಕಮ್ಮನ ಹೆಸರಲ್ಲಿ ಒಂದು, ಚಿಕ್ಕಪ್ಪನ ಹೆಸರಲ್ಲಿ ಒಂದು, ಇಬ್ಬರ ಜಂಟಿ ಹೆಸರಲ್ಲಿ ಒಂದು. ಈ ಮೂರಕ್ಕೂ ಬೇರೆ ಬೇರೆ 5 ಲಕ್ಷದ ವಿಮೆ, ಅದೂ ಒಂದೇ ಬ್ಯಾಂಕಲ್ಲಿ! ಊರಲ್ಲಿ ಇರುವುದೇ ಒಂದೆರಡು ಶಾಖೆ ಅನ್ನುವವರಿಗೆ ಇದು ದೊಡ್ಡ ಅನುಕೂಲ.

ಪಟ್ಟಣದ ಸಹಕಾರ ಬ್ಯಾಂಕುಗಳಿಗೆ ಈ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಇಲ್ಲ. ನಮ್ಮ ಊರುಗಳಲ್ಲಿ ಇವು ಬೀದಿಗೊಂದು ಇವೆ, ಬಡ್ಡಿಯೂ ಬ್ಯಾಂಕಿಗಿಂತ ಜಾಸ್ತಿ, ಕೌಂಟರಲ್ಲಿ ಕೂತವರು ಪರಿಚಯದವರೇ. ಚೆನ್ನಾಗಿ ನಡೆಸುವವರು ಎಷ್ಟೋ ಜನ ಇದ್ದಾರೆ. ಆದರೂ ವಯಸ್ಸಾದವರ ಕೂಡಿಟ್ಟ ದುಡ್ಡು ಪೂರ್ತಿ ಅಲ್ಲಿಗೆ ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದುಡ್ಡಿಡುವ ಮೊದಲು "ಡಿಐಸಿಜಿಸಿ ವಿಮೆ ಇದೆಯಾ?" ಅಂತ ಬಾಯಿಬಿಟ್ಟು ಕೇಳಿ. ಈ ಠೇವಣಿ ವಿಮೆ ಕೊಡುವ ಸಂಸ್ಥೆಯ ಹೆಸರೇ ಡಿಐಸಿಜಿಸಿ. ಕೇಳುವುದಕ್ಕೆ ಸಂಕೋಚ ಬೇಡ.

ಎರಡನೇ ಬ್ಯಾಂಕಿಗೆ ಇನ್ನೂ ಒಂದು ಕಾರಣ ಯುಪಿಐ. ಫೋನ್‌ಪೇ, ಗೂಗಲ್‌ಪೇಗೆ ಜೋಡಿಸಿದ ಖಾತೆಯಲ್ಲಿ ಹತ್ತಿಪ್ಪತ್ತು ಸಾವಿರ ಮಾತ್ರ ಇರಲಿ. ಯಾರೋ ಫೋನ್ ಮಾಡಿ ಯಾಮಾರಿಸಿದರೂ ಕೈ ಬಿಡುವುದು ಅಷ್ಟೇ. ದೊಡ್ಡ ದುಡ್ಡು ಇರುವ ಖಾತೆ ಫೋನಿನ ಗಾಳಿಗೂ ಸಿಗದಂತಿರಲಿ.

ಖಾತೆ ಜಾಸ್ತಿಯಾದರೆ ಏನು ಖರ್ಚು

ಇದು ನನ್ನದೇ ಕಥೆ. ಬೆಂಗಳೂರಲ್ಲಿ ಮೊದಲ ಕೆಲಸದ ಸಂಬಳಕ್ಕೆ ಒಂದು ಖಾಸಗಿ ಬ್ಯಾಂಕಲ್ಲಿ ಖಾತೆ ತೆರೆಸಿದ್ದರು. ಕೆಲಸ ಬಿಟ್ಟೆ, ಖಾತೆಯಲ್ಲಿ 6,000 ಚಿಲ್ಲರೆ ಉಳಿದಿತ್ತು, ಇರಲಿ ಅಂತ ಬಿಟ್ಟೆ. ಸಂಬಳ ಬೀಳುವುದು ನಿಂತ ಮೇಲೆ ಅದು ಮಾಮೂಲಿ ಖಾತೆಯಾಗಿ ಬದಲಾಗಿದೆ, 10,000 ಮಿನಿಮಮ್ ಬ್ಯಾಲೆನ್ಸ್ ಇರಬೇಕಿತ್ತು. ತಿಂಗಳು ತಿಂಗಳೂ ದಂಡ, ದಂಡದ ಮೇಲೆ ಜಿಎಸ್‌ಟಿ. ನೋಡುವ ಹೊತ್ತಿಗೆ ಖಾತೆ ಖಾಲಿ. ತಂಗಿಗೆ ಸೀರೆ ಕೊಡಿಸಬೇಕು ಅಂದುಕೊಂಡಿದ್ದ ದುಡ್ಡು ಅದು. ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ.

ಸ್ಟೇಟ್ ಬ್ಯಾಂಕ್ ಈ ದಂಡವನ್ನು 2020ರಲ್ಲೇ ಕೈಬಿಟ್ಟಿತು. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗೂ ಬಿಟ್ಟಿತು. ಬೇರೆ ಕೆಲವು ಸರ್ಕಾರಿ ಬ್ಯಾಂಕುಗಳೂ ಅದೇ ದಾರಿ ಹಿಡಿದವು. ಖಾಸಗಿ ಬ್ಯಾಂಕುಗಳಲ್ಲಿ ಇನ್ನೂ ಕೇಳಿ ನೋಡಿಯೇ ತೆರೆಯಬೇಕು. ದಂಡ ಬೀಳದಿದ್ದರೂ ನಷ್ಟ ಇದೆ. ನಾಲ್ಕು ಖಾತೆಯಲ್ಲಿ ಹತ್ತತ್ತು ಸಾವಿರ ಸಿಕ್ಕಿಕೊಂಡರೆ 40,000 ರೂಪಾಯಿ ಆರೂಕಾಲಿನ ಬದಲು ಎರಡೂವರೆಗೆ ಕೂತಿರುತ್ತದೆ. ವರ್ಷಕ್ಕೆ 1,500 ಹೋಯಿತು.

ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ, ಮತ್ತೆ ಕೆವೈಸಿ ಕೊಟ್ಟು ಎಬ್ಬಿಸಬೇಕು. ಹತ್ತು ವರ್ಷ ಹಾಗೇ ಬಿಟ್ಟರೆ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ಕೇಳಿ ಪಡೆಯಬಹುದು, ಆದರೆ ಓಡಾಟ ತಪ್ಪುವುದಿಲ್ಲ.

ಹಂಚಿಟ್ಟರೆ ತೆರಿಗೆ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಫ್‌ಡಿ ಬಡ್ಡಿ ಒಂದು ಬ್ಯಾಂಕಲ್ಲಿ ವರ್ಷಕ್ಕೆ 50,000 ದಾಟದಿದ್ದರೆ, ಹಿರಿಯರಿಗೆ 1 ಲಕ್ಷ ದಾಟದಿದ್ದರೆ, ಟಿಡಿಎಸ್ (ಬ್ಯಾಂಕೇ ಮೊದಲು ಮುರಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ ಅನ್ನುವುದು ನಿಜ. ಇದು 2025ರ ಏಪ್ರಿಲ್‌ನಿಂದ ಬಂದ ಮಿತಿ. ಆದರೆ ಹಿಡಿಯದ ಮಾತ್ರಕ್ಕೆ ತೆರಿಗೆ ಇಲ್ಲ ಅಂತಲ್ಲ. ಪ್ಯಾನ್ ಎಲ್ಲ ಕಡೆ ಒಂದೇ, ಎಲ್ಲ ಬ್ಯಾಂಕಿನ ಬಡ್ಡಿಯೂ ನಿಮ್ಮ ಆದಾಯದ ಲೆಕ್ಕಕ್ಕೇ ಸೇರುತ್ತದೆ.

ಚಿಕ್ಕಮ್ಮ ಕೊನೆಗೆ ಮಾಡಿದ್ದು

ಹಳೆಯ ಬ್ಯಾಂಕಲ್ಲಿ 4 ಲಕ್ಷ ಉಳಿಸಿದರು. ಅದರಲ್ಲಿ 1 ಲಕ್ಷ ಎಸ್‌ಬಿಯಲ್ಲೇ, 3 ಲಕ್ಷ ಐವತ್ತೈವತ್ತು ಸಾವಿರದ ಆರು ಎಫ್‌ಡಿ. ಹಿರಿಯರ ದರ ಶೇ. 6.75 ಸಿಕ್ಕಿತು.

ಮಿಕ್ಕ 4 ಲಕ್ಷಕ್ಕೆ ಹೊಸ ಬ್ಯಾಂಕ್ ಹುಡುಕಲೇ ಇಲ್ಲ. ಪೋಸ್ಟ್ ಆಫೀಸಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದರು. ಅದರ ದರ 2023ರ ಏಪ್ರಿಲ್‌ನಲ್ಲಿ ಶೇ. 8.2ಕ್ಕೆ ಏರಿ 2025 ಪೂರ್ತಿ ಅಲ್ಲೇ ನಿಂತಿತ್ತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ನೋಡುತ್ತದೆ, ಆದರೆ ನೀವು ಹಾಕಿದ ದಿನದ ದರ ನಿಮಗೆ ಐದು ವರ್ಷ ಬದಲಾಗುವುದಿಲ್ಲ. 30 ಲಕ್ಷದವರೆಗೆ ಹಾಕಬಹುದು, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಮಧ್ಯದಲ್ಲಿ ಮುಚ್ಚಿದರೆ ಕಡಿತ ಇದೆ, ಒಂದು ವರ್ಷದೊಳಗೆ ಮುಚ್ಚಿದರೆ ಬಡ್ಡಿಯೇ ಇಲ್ಲ. ಆಸ್ಪತ್ರೆ ಭಯಕ್ಕೆ ಬ್ಯಾಂಕಿನ ಆರು ತುಂಡು ಮುಂದೆ ಇರುವುದರಿಂದ ಇದನ್ನು ಮುಟ್ಟುವ ಪ್ರಸಂಗ ಬರಲಿಕ್ಕಿಲ್ಲ.

ಎಸ್‌ಬಿಯಿಂದ 2,500, ಎಫ್‌ಡಿಯಿಂದ 20,250, ಹಿರಿಯರ ಯೋಜನೆಯಿಂದ 32,800. ವರ್ಷಕ್ಕೆ 55,550. ಮೊದಲು ಬರುತ್ತಿದ್ದದ್ದು 20,000.

ವಯಸ್ಸು 60 ಆಗದವರಿಗೆ ಈ ಯೋಜನೆ ಸಾಮಾನ್ಯವಾಗಿ ಸಿಗುವುದಿಲ್ಲ. ಅವರು ಎರಡನೇ ನಾಲ್ಕು ಲಕ್ಷವನ್ನು ಬೇರೆ ಬ್ಯಾಂಕಲ್ಲಿ ಎಫ್‌ಡಿ ಮಾಡುವುದೇ ಸರಿ. ಒಳ್ಳೆಯ ದರ ಕೊಡುವ ಸ್ಮಾಲ್ ಫೈನಾನ್ಸ್ ಬ್ಯಾಂಕ್ ಆದರೂ ಸರಿ, ವಿಮೆಯ ಮಿತಿಯೊಳಗೆ ಇದ್ದರೆ ಆಯಿತು.

ಹೊರಡುವ ದಿನ ಬೆಳಿಗ್ಗೆ ಚಿಕ್ಕಮ್ಮ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದರು. ಬ್ಯಾಂಕ್, ಶಾಖೆ, ರಸೀದಿ ನಂಬರ್, ದಿನಾಂಕ, ನಾಮಿನಿ ಅಂತ ಸ್ಕೇಲ್ ಹಿಡಿದು ಐದು ಕಾಲಂ ಎಳೆದರು. ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು ಅನ್ನುವ ನಿಯಮ 2025ರ ನವೆಂಬರ್ 1ರಿಂದ ಬರುವುದಿತ್ತು. ಅದನ್ನು ಹೇಳಿದ ಮೇಲೆ ಕೊನೆಯ ಕಾಲಂ ಅಗಲ ಮಾಡಿದರು. ಎಲ್ಲ ತುಂಬಿಸಿ ಚಿಕ್ಕಪ್ಪನನ್ನು ಕರೆದು, "ಇದು ಬೀರುವಲ್ಲಿ ರೇಷನ್ ಕಾರ್ಡ್ ಕೆಳಗೆ ಇರುತ್ತೆ, ನೋಡ್ಕೊಳ್ಳಿ" ಅಂತ ಅವರ ಕೈಯಿಂದಲೇ ಒಳಗಿಡಿಸಿದರು.